ಅಡಕೆಯ ದ್ವೀಪದಲ್ಲಿ ವಿದ್ಯುನ್ಮಾನೋದ್ಯಮ

೧

ಮಲಯ ಪರ್ಯಾಯದ್ವೀಪದ ಪಶ್ಚಿಮ ತೀರಕ್ಕೆ ಸಮೀಪದಲ್ಲಿ, ಮಲಾಕ್ಕಾ ಜಲಸಂಧಿಯ ಉತ್ತರದ ತುದಿಯಲ್ಲಿ, ಪಿನಾಂಗ್ ಎಂಬ ಸಣ್ಣ ದ್ವೀಪವೊಂದುಂಟು. ಮಲಯ ಭಾಷೆಯಲ್ಲಿ 'ಪುಲಾವ್' ಎಂದರೆ ದ್ವೀಪ, 'ಪಿನಾಂಗ್' ಎಂದರೆ ಅಡಕೆ. ಆದುದರಿಂದ ಪುಲಾವ್ ಪಿನಾಂಗ್ ಎಂಬ ಹೆಸರನ್ನು ಕನ್ನಡದಲ್ಲಿ ಅಡಕೆಯ ದ್ವೀಪವೆಂದು ಹೇಳಬಹುದು. ೧೭೮೬ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಎಂಬಾತನು ಅಲ್ಲಿ ಕಾಲಿಟ್ಟನು. ಅಂದಿನಿಂದ ಅದು ಸುಂಕವಿಲ್ಲದ ರೇವುಪಟ್ಟಣವಾಗಿ ಬೆಳೆಯಿತು. ಮೆಣಸು, ಲವಂಗ, ಜಾಯಿಕಾಯಿ, ತವರ, ರಬ್ಬರು ಮೊದಲಾದ ಸರಕುಗಳು ಅಲ್ಲಿಂದ ದೇಶದೇಶಗಳಿಗೆ ಹೊರಟವು. ಇಂದು ಅದೇ ದ್ವೀಪದಿಂದ ವಿಮಾನಗಳಲ್ಲಿ ಹೊರದೇಶಗಳಿಗೆ ಹೋಗುವ ಮುಖ್ಯ ಸರಕು ಉಗುರಿನಷ್ಟು ಅಗಲದ ಅರೆವಾಹಕ ಚಿಪ್ಪುಗಳು.

ಈ ಮಾರ್ಪಾಟು ಅರ್ಧ ಶತಮಾನದಲ್ಲಿ ಆಯಿತು. ಅದು ಹೇಗಾಯಿತು, ಅದರಿಂದ ಆ ಜನರಿಗೆ ಬಂದ ಲಾಭವೆಷ್ಟು, ಬಾರದೆ ಉಳಿದುದೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಸಾಹಿತ್ಯಾಭ್ಯಾಸಿಗಳಿಗಾಗಿ ನಡೆಯುವ ಪತ್ರಿಕೆಯಲ್ಲಿ ಕೈಗಾರಿಕೆಯ ವಿಷಯವೇಕೆಂದು ಕೆಲವರು ಕೇಳಬಹುದು. ಒಂದು ಜನಾಂಗ ಯಾವ ಕೆಲಸವನ್ನು ಮಾಡುವುದೋ ಅದರ ಮಾತುಗಳು ಆ ಜನಾಂಗದ ಭಾಷೆಯನ್ನು ಸೇರುವುವು. ಯಾವ ಕೆಲಸವನ್ನು ಅರಿಯದೆ ಮಾಡುವುದೋ ಅದರ ಮಾತುಗಳು ಭಾಷೆಯ ಹೊರಗೇ ನಿಲ್ಲುವುವು. ಈ ದೃಷ್ಟಿಯಿಂದ ನೋಡಿದರೆ ಪಿನಾಂಗಿನ ಚರಿತ್ರೆ ನಮಗೆ ದೂರದ ವಿಷಯವಲ್ಲ.

ಮೊದಲು ಎರಡು ಪದಗಳ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಒಂದು ವಸ್ತುವಿನ ಕಲ್ಪನೆ, ಬಿಡಿಭಾಗಗಳ ತಯಾರಿಕೆ, ಜೋಡಣೆ, ಪರೀಕ್ಷೆ, ಮಾರಾಟ ಇವು ಒಂದೇ ದೇಶದಲ್ಲಿ ನಡೆಯದೆ ಬೇರೆಬೇರೆ ದೇಶಗಳಲ್ಲಿ ಹಂಚಿಹೋಗಿ, ಒಂದು ಸಂಸ್ಥೆಯ ಆಜ್ಞೆಯಿಂದ ಒಂದಕ್ಕೊಂದು ಹೊಂದಿಕೊಂಡಿರುವ ವ್ಯವಸ್ಥೆಯನ್ನು 'ಉತ್ಪಾದನಾಜಾಲ' ಎಂದು ಕರೆಯುತ್ತೇನೆ. ಆ ಜಾಲದಲ್ಲಿ ಬಿಡಿಭಾಗಗಳನ್ನು ಕೂಡಿಸಿ ಪೂರ್ಣಮಾಡುವ ಕೆಲಸವನ್ನು 'ಜೋಡಣೆ' ಎನ್ನುತ್ತೇನೆ. ಜೋಡಣೆಯನ್ನು ಮಾಡಿದವರೆಲ್ಲರೂ ವಸ್ತುವನ್ನು ಬಲ್ಲವರಾಗುವುದಿಲ್ಲ. ಈ ಎರಡರ ನಡುವಣ ಅಂತರವೇ ಮುಂದಿನ ವಿವೇಚನೆಯ ತಿರುಳು.

೨

ವಿದ್ಯುನ್ಮಾನ ಸಾಮಗ್ರಿಗಳು ಇತರ ಸರಕುಗಳಿಗಿಂತ ಮೊದಲೇ ಹೀಗೆ ದೇಶಾಂತರಗಳಲ್ಲಿ ಹಂಚಿಹೋದುದಕ್ಕೆ ಆ ವಸ್ತುಗಳ ಸ್ವಭಾವವೇ ಕಾರಣ. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಸಿದ್ಧವಾಯಿತು. ೧೯೫೮ ಮತ್ತು ೧೯೫೯ರಲ್ಲಿ ಜಾಕ್ ಕಿಲ್ಬಿ, ರಾಬರ್ಟ್ ನಾಯ್ಸ್ ಎಂಬ ಇಬ್ಬರು ಪ್ರತ್ಯೇಕವಾಗಿ ಅನೇಕ ಟ್ರಾನ್ಸಿಸ್ಟರುಗಳನ್ನು ಒಂದೇ ತುಣುಕಿನಲ್ಲಿ ಅಡಕಮಾಡುವ ಮಾರ್ಗವನ್ನು ಕಂಡುಹಿಡಿದರು. ಈ ತುಣುಕನ್ನೇ ನಾವು ಚಿಪ್ ಎನ್ನುವುದು.

ಚಿಪ್ಪಿನ ತಯಾರಿಕೆಯಲ್ಲಿ ಮೂರು ಘಟ್ಟಗಳುಂಟು. ಮೊದಲನೆಯದು ನಕ್ಷೆ: ಯಾವ ಟ್ರಾನ್ಸಿಸ್ಟರು ಎಲ್ಲಿರಬೇಕು, ಯಾವುದಕ್ಕೆ ಯಾವುದು ಸೇರಬೇಕು ಎಂಬ ರೂಪರೇಖೆ. ಎರಡನೆಯದು ಆ ನಕ್ಷೆಯನ್ನು ಸಿಲಿಕಾನಿನ ತೆಳುವಾದ ದುಂಡು ಬಿಲ್ಲೆಯ ಮೇಲೆ ಬೆಳಕು ಮತ್ತು ರಾಸಾಯನಿಕಗಳ ಸಹಾಯದಿಂದ ಮೂಡಿಸುವುದು. ಇದಕ್ಕೆ ಧೂಳಿಲ್ಲದ ಕಟ್ಟಡ, ಬಹುಬೆಲೆಯ ಯಂತ್ರಗಳು, ಪಳಗಿದ ವಿಜ್ಞಾನಿಗಳು ಬೇಕು. ಮೂರನೆಯ ಘಟ್ಟದಲ್ಲಿ ಆ ಬಿಲ್ಲೆಯನ್ನು ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನೂ ಲೋಹದ ಚೌಕಟ್ಟಿನ ಮೇಲೆ ಕೂರಿಸಿ, ಕೂದಲಿಗಿಂತ ಸಣ್ಣದಾದ ಚಿನ್ನದ ತಂತಿಯಿಂದ ಹೊರಗಿನ ಕಾಲುಗಳಿಗೆ ಬೆಸೆದು, ಮೇಲೆ ಹೊದಿಕೆಯನ್ನು ಹಾಕಿ, ಪರೀಕ್ಷಿಸುತ್ತಾರೆ. ಮೊದಲ ದಿನಗಳಲ್ಲಿ ಈ ಬೆಸೆಯುವ ಕೆಲಸವನ್ನು ಸೂಕ್ಷ್ಮದರ್ಶಕದ ಮುಂದೆ ಕುಳಿತು ಕೈಯಿಂದಲೇ ಮಾಡಬೇಕಾಗಿತ್ತು. ಅದಕ್ಕೆ ವಿದ್ಯೆಗಿಂತ ಹೆಚ್ಚಾಗಿ ತಾಳ್ಮೆಯೂ ಕಣ್ಣಿನ ಚುರುಕೂ ಬೆರಳಿನ ನಯವೂ ಬೇಕಾಗಿದ್ದವು.

ಮೂರನೆಯ ಘಟ್ಟದ ಕೆಲಸಕ್ಕೆ ಕೈಗಳು ಬಹಳ ಬೇಕು; ಅಮೆರಿಕದಲ್ಲಿಯಾದರೋ ಕೂಲಿ ಹೆಚ್ಚು. ಚಿಪ್ಪಾದರೋ ತೂಕದಲ್ಲಿ ಅತ್ಯಲ್ಪ, ಬೆಲೆಯಲ್ಲಿ ಅಧಿಕ. ಆದುದರಿಂದ ಅದನ್ನು ವಿಮಾನದಲ್ಲಿ ಅರ್ಧ ಪ್ರಪಂಚ ದಾಟಿಸಿ ಮರಳಿ ತಂದರೂ ಸಾಗಣೆಯ ವೆಚ್ಚ ಹೊರೆಯಾಗುವುದಿಲ್ಲ. ಇದಕ್ಕೆ ಸುಂಕದ ಕಾನೂನೂ ಅನುಕೂಲವಾಯಿತು. ೧೯೬೩ರ ಅಮೆರಿಕದ ಸುಂಕದ ಪಟ್ಟಿಯಲ್ಲಿ ೮೦೭ನೆಯ ಬಾಬಿನ ಪ್ರಕಾರ, ಅಮೆರಿಕದ ಬಿಡಿಭಾಗಗಳನ್ನು ಹೊರದೇಶದಲ್ಲಿ ಜೋಡಿಸಿ ತಂದರೆ ಆ ಬಿಡಿಭಾಗಗಳ ಬೆಲೆಯನ್ನು ಕಳೆದು, ಹೊರಗೆ ಕೂಡಿದ ಬೆಲೆಗೆ ಮಾತ್ರ ಸುಂಕವನ್ನು ಕೊಟ್ಟರೆ ಸಾಕಾಗಿತ್ತು. ಹೀಗೆ ಕೂಲಿ, ತೂಕ, ಸುಂಕ ಈ ಮೂರೂ ಒಂದೇ ದಿಕ್ಕಿಗೆ ಎಳೆದವು. ಕ್ಯಾಲಿಫೋರ್ನಿಯದ ಫೇರ್‌ಚೈಲ್ಡ್ ಸಂಸ್ಥೆ ೧೯೬೦ರ ದಶಕದ ಆದಿಯಲ್ಲಿ ಹಾಂಗ್ ಕಾಂಗಿಗೆ ಹೋಯಿತು. ಜನರಲ್ ಇನ್‌ಸ್ಟ್ರುಮೆಂಟ್ ಸಂಸ್ಥೆ ೧೯೬೪ರಲ್ಲಿ ತೈವಾನಿಗೆ ಹೋಯಿತು. ದಕ್ಷಿಣ ಕೊರಿಯ, ಸಿಂಗಪುರಗಳೂ ಒಂದೊಂದಾಗಿ ಈ ಜಾಲವನ್ನು ಸೇರಿದವು.

೩

ಪಿನಾಂಗ್ ಈ ಜಾಲವನ್ನು ಸೇರಿದುದು ಸಂಕಟದಿಂದಲೇ ಹೊರತು ಸಮೃದ್ಧಿಯಿಂದಲ್ಲ. ೧೯೫೭ರಲ್ಲಿ ಮಲಯ ಸ್ವತಂತ್ರವಾಯಿತು. ೧೯೬೩ರಲ್ಲಿ ಮಲೇಷ್ಯ ಸಂಯುಕ್ತರಾಜ್ಯ ಏರ್ಪಟ್ಟಿತು. ಹೊಸ ದೇಶ ತನ್ನ ರೇವುಗಳನ್ನೂ ಸುಂಕವನ್ನೂ ತನ್ನ ಹತೋಟಿಗೆ ತೆಗೆದುಕೊಳ್ಳಲು, ನೆರೆಯ ದೇಶಗಳೂ ತಮ್ಮ ಸರಕನ್ನು ತಾವೇ ಸಾಗಿಸಲು ತೊಡಗಿದುದರಿಂದ, ದಲ್ಲಾಳಿಯ ವ್ಯಾಪಾರದಿಂದ ಬದುಕಿದ ದ್ವೀಪದ ಆದಾಯ ಕುಗ್ಗಿತು. ೧೯೬೯ರಲ್ಲಿ ಸುಂಕವಿಲ್ಲದ ರೇವೆಂಬ ಸ್ಥಾನವೂ ತಪ್ಪಿತು. ದುಡಿಯಬಲ್ಲವರಲ್ಲಿ ನೂರಕ್ಕೆ ಸುಮಾರು ೧೫ ಮಂದಿಗೆ ಕೆಲಸವಿರಲಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ರಾಜಧಾನಿಯಾದ ಕ್ವಾಲಾಲಂಪುರದಲ್ಲಿ ಮಲಯರಿಗೂ ಚೀನೀಯರಿಗೂ ಘೋರವಾದ ಗಲಭೆಗಳಾದವು.

ಆ ತಿಂಗಳ ಚುನಾವಣೆಯಲ್ಲಿ ಪಿನಾಂಗ್ ರಾಜ್ಯದ ಮುಖ್ಯಮಂತ್ರಿಯಾಗಿ ಬಂದವರು ಲಿಮ್ ಚೋಂಗ್ ಯೂ. ವೃತ್ತಿಯಿಂದ ವೈದ್ಯರಾಗಿದ್ದ ಅವರು ೧೯೯೦ರವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಅದೇ ಪದವಿಯಲ್ಲಿದ್ದರು. ೧೯೬೯ರ ಕೊನೆಯಲ್ಲಿ ಪಿನಾಂಗ್ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ಮರುವರ್ಷ ರಾಬರ್ಟ್ ನೇಥನ್ ಎಂಬ ಅಮೆರಿಕದ ಸಲಹೆಗಾರರ ಸಂಸ್ಥೆ ಒಂದು ವರದಿಯನ್ನು ಒಪ್ಪಿಸಿತು. ಹೊರಗಿನ ಮಾರುಕಟ್ಟೆಗೆ ಸರಕನ್ನು ತಯಾರಿಸುವುದೇ ದ್ವೀಪಕ್ಕೆ ಉಳಿದಿರುವ ದಾರಿಯೆಂಬುದು ಅದರ ಸಾರ. ೧೯೭೧ರಲ್ಲಿ ಮಲೇಷ್ಯದ ಪಾರ್ಲಿಮೆಂಟು ಸುಂಕಮುಕ್ತ ವಲಯಗಳ ಕಾನೂನನ್ನು ಮಾಡಿತು. ೧೯೭೨ರಲ್ಲಿ ದ್ವೀಪದ ವಿಮಾನನಿಲ್ದಾಣದ ಸಮೀಪದಲ್ಲಿ, ಬಾಯಾನ್ ಲೆಪಾಸ್ ಎಂಬಲ್ಲಿ, ಬತ್ತದ ಗದ್ದೆಗಳಿದ್ದ ಬಯಲಿನಲ್ಲಿ, ಆ ಕಾನೂನಿನಂತೆ ದೇಶದ ಮೊದಲನೆಯ ವಲಯ ಹುಟ್ಟಿತು.

ಅಲ್ಲಿಗೆ ಮೊದಲು ಬಂದ ಎಂಟು ಸಂಸ್ಥೆಗಳನ್ನು ಪಿನಾಂಗಿನವರು 'ಎಂಟು ಮಂದಿ ಸಾಮುರಾಯ್‌ಗಳು' ಎಂದು ಇಂದಿಗೂ ಕರೆಯುತ್ತಾರೆ. ನ್ಯಾಷನಲ್ ಸೆಮಿಕಂಡಕ್ಟರ್, ಇಂಟೆಲ್, ಅಡ್ವಾನ್ಸ್‌ಡ್ ಮೈಕ್ರೋ ಡಿವೈಸಸ್, ಹ್ಯೂಲೆಟ್ ಪ್ಯಾಕರ್ಡ್, ಲಿಟ್ರೋನಿಕ್ಸ್ ಇವು ಅಮೆರಿಕದವು, ಹಿಟಾಚಿ, ಕ್ಲೇರಿಯನ್ ಜಪಾನಿನವು, ಬಾಷ್ ಜರ್ಮನಿಯದು. ಇಂಟೆಲ್ ಸಂಸ್ಥೆ ತನ್ನ ದೇಶದ ಹೊರಗೆ ಕಟ್ಟಿದ ಮೊದಲನೆಯ ಕಾರ್ಖಾನೆ ಪಿನಾಂಗಿನದೇ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ತೆರಿಗೆಯ ವಿನಾಯಿತಿ, ಅಗ್ಗದ ಕೂಲಿ, ಇಂಗ್ಲಿಷ್ ಬಲ್ಲ ಗುಮಾಸ್ತರು ಇವು ಆಗ ಏಷ್ಯದ ಅನೇಕ ಕಡೆಗಳಲ್ಲಿದ್ದವು. ಭಾರತವೇ ೧೯೬೫ರಲ್ಲಿ ಕಾಂಡ್ಲಾದಲ್ಲಿ ರಫ್ತಿನ ವಲಯವನ್ನು ತೆರೆದಿತ್ತು; ೧೯೭೩ರಲ್ಲಿ ಮುಂಬಯಿಯ ಸಾಂತಾಕ್ರೂಜಿನಲ್ಲಿ ವಿದ್ಯುನ್ಮಾನ ಸಾಮಗ್ರಿಗಳಿಗಾಗಿಯೇ ಒಂದನ್ನು ಏರ್ಪಡಿಸಿತು. ಆದರೆ ಪಿನಾಂಗಿನಲ್ಲಿ ನೆಲ, ನೀರು, ವಿದ್ಯುತ್ತು, ಪರವಾನಗಿ, ವಿಮಾನ ಇವೆಲ್ಲ ಒಂದೇ ನಿಗಮದ ಬಾಗಿಲಿನಲ್ಲಿ ದೊರೆಯುವಂತಾಯಿತು. ಆ ನಿಗಮದ ಹಿಂದೆ ಇಪ್ಪತ್ತು ವರ್ಷ ಬದಲಾಗದ ಒಂದು ಸಂಕಲ್ಪವಿತ್ತು. ಹೊರಗಿನ ಬಂಡವಾಳಗಾರನು ಕೂಲಿಯ ದರವನ್ನು ಮಾತ್ರವಲ್ಲದೆ, ನಾಳೆಯೂ ಇಂದಿನ ಮಾತು ನಿಲ್ಲುವುದೇ ಎಂಬುದನ್ನೂ ನೋಡುತ್ತಾನೆ.

೪

ಕಾರ್ಖಾನೆಗಳಿಗೆ ಸೇರಿದವರಲ್ಲಿ ಬಹುಮಂದಿ ಎಳೆಯ ಹೆಂಗಸರು. ಅವರಲ್ಲಿಯೂ ಹಳ್ಳಿಗಳಿಂದ ಬಂದ ಮಲಯ ಹುಡುಗಿಯರು ಅನೇಕರು. ೧೯೭೧ರಲ್ಲಿ ಆರಂಭವಾದ ಹೊಸ ಆರ್ಥಿಕ ನೀತಿಯ ಉದ್ದೇಶಗಳಲ್ಲಿ ಮಲಯರನ್ನು ಹೊಲಗದ್ದೆಗಳಿಂದ ಪಟ್ಟಣದ ಕೈಗಾರಿಕೆಗಳಿಗೆ ತರುವುದೂ ಒಂದಾಗಿತ್ತು. ಅಲ್ಲಿಯವರೆಗೆ ತಂದೆತಾಯಿಗಳ ಕಣ್ಣೆದುರಿಗೆ ಬೆಳೆದ ಹುಡುಗಿಯರು ಈಗ ತಾವೇ ಸಂಬಳ ತಂದರು. ರಾತ್ರಿಯ ಪಾಳಿಗೆ ಹೋದರು. ಬಾಡಿಗೆಯ ಕೋಣೆಗಳಲ್ಲಿ ಗೆಳತಿಯರೊಡನೆ ವಾಸಮಾಡಿದರು.

ಸಮಾಜ ಅವರಿಗೆ ಒಂದು ಹೆಸರನ್ನಿಟ್ಟಿತು: 'ಮಿನಾ ಕರಾನ್'. ಮಿನಾ ಎಂಬುದು ಹಳ್ಳಿಯ ಹುಡುಗಿಯರ ಸಾಮಾನ್ಯ ಹೆಸರು. ಕರಾನ್ ಎಂಬುದು ಇಂಗ್ಲಿಷಿನಿಂದ ಬಂದ ಪದ, ನಾವು ಕರೆಂಟು ಎನ್ನುವುದೇ. ವಿದ್ಯುತ್ತಿನ ವಸ್ತುಗಳನ್ನು ಮಾಡುವವಳು ಎಂಬ ಅರ್ಥದ ಜೊತೆಗೆ, ಮೈಯಲ್ಲಿ ಮಿಂಚು ಹರಿದು ಮರ್ಯಾದೆ ಬಿಟ್ಟವಳು ಎಂಬ ಕೊಂಕೂ ಅದರಲ್ಲಿ ಸೇರಿತ್ತು. ಮನೆಗೆ ಹಣ ಕಳುಹಿಸಿದ ಕೈಯನ್ನೇ ಊರು ಹೀಗೆ ಹಳಿಯಿತು. ಒಂದು ಭಾಷೆಗೆ ಹೊಸ ಕೈಗಾರಿಕೆ ಪ್ರವೇಶಿಸುವಾಗ ಮೊದಲು ಹುಟ್ಟುವುದು ಶಾಸ್ತ್ರದ ಪರಿಭಾಷೆಯಲ್ಲ, ಇಂಥ ಬೀದಿಯ ಮಾತು ಎಂಬುದನ್ನು ಭಾಷಾಭ್ಯಾಸಿಗಳು ಗಮನಿಸಬೇಕು.

ಇನ್ನೊಂದು ವಿಷಯವೂ ಉಲ್ಲೇಖಾರ್ಹವಾಗಿದೆ. ೧೯೭೦ರ ದಶಕದಲ್ಲಿ ಮಲೇಷ್ಯದ ಅನೇಕ ಕಾರ್ಖಾನೆಗಳಲ್ಲಿ ಕೆಲಸದ ನಡುವೆಯೇ ಹುಡುಗಿಯರ ಮೈಮೇಲೆ ಭೂತ ಬಂದ ಪ್ರಸಂಗಗಳು ನಡೆದವು. ಒಬ್ಬಳು ಕಿರಿಚಿದರೆ ಸಾಲಿನಲ್ಲಿದ್ದ ಹತ್ತಾರು ಮಂದಿ ಕಿರಿಚುವರು. ಸೂಕ್ಷ್ಮದರ್ಶಕದ ಗಾಜಿನೊಳಗೆ ಭೂತದ ಮುಖ ಕಂಡಿತೆನ್ನುವರು. ಕಾರ್ಖಾನೆಯ ಆಡಳಿತಗಾರರು ಮಾಂತ್ರಿಕನನ್ನು ಕರೆಸಿ ಶಾಂತಿ ಮಾಡಿಸಿದುದೂ ಉಂಟು. ಮಾನವಶಾಸ್ತ್ರಜ್ಞೆಯಾದ ಐಹ್ವಾ ಓಂಗ್ ಅವರು ಸೆಲಾಂಗೋರ್ ರಾಜ್ಯದ ಕಾರ್ಖಾನೆಗಳ ಹೆಂಗಸರನ್ನು ಕುರಿತು ೧೯೮೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಚಾರಮಾಡಿದ್ದಾರೆ. ಬಾಯಿಬಿಟ್ಟು ಎದುರುಮಾತಾಡಲು ಎಡೆಯಿಲ್ಲದವರು ಭೂತದ ಬಾಯಿಂದ ತಮ್ಮ ಪ್ರತಿಭಟನೆಯನ್ನು ಆಡಿದರೆಂಬುದು ಅವರ ವಿವರಣೆಯ ತಾತ್ಪರ್ಯ. ತುಳುನಾಡಿನ ಭೂತಾರಾಧನೆಯನ್ನು ಬಲ್ಲ ನಮ್ಮ ವಾಚಕರಿಗೆ, ದೈವದ ನುಡಿಯಲ್ಲಿ ಊರಿನ ನ್ಯಾಯಾನ್ಯಾಯಗಳು ಹೊರಬೀಳುವುದೆಂಬ ಮಾತು ಹೊಸದಲ್ಲ.

ಎದುರುಮಾತಿಗೆ ಎಡೆಯಿರಲಿಲ್ಲವೆಂಬುದು ಬರಿಯ ಊಹೆಯಲ್ಲ. ವಿದ್ಯುತ್ ಕೈಗಾರಿಕೆಯ ಕೆಲಸಗಾರರಿಗೆ ಒಂದು ರಾಷ್ಟ್ರೀಯ ಸಂಘವಿತ್ತು. ವಿದ್ಯುನ್ಮಾನದ ಕೆಲಸಗಾರರು ಅದಕ್ಕೆ ಸೇರಬಯಸಿದಾಗ, 'ವಿದ್ಯುತ್ತು' ಬೇರೆ, 'ವಿದ್ಯುನ್ಮಾನ' ಬೇರೆ, ಆದುದರಿಂದ ಸೇರುವ ಹಕ್ಕಿಲ್ಲವೆಂದು ಸಂಘಗಳ ನೋಂದಣಿಯ ಅಧಿಕಾರಿಗಳು ತೀರ್ಮಾನಿಸಿದರು. ಒಂದು ಪದದ ಅರ್ಥನಿರ್ಣಯದಿಂದ ಸಾವಿರಾರು ಜನರ ಸಂಘಟನೆ ತಡೆದುಹೋಯಿತು. ೧೯೮೮ರಲ್ಲಿ ಒಂದೊಂದು ಕಾರ್ಖಾನೆಯ ಒಳಗೆ ಮಾತ್ರ ಸಂಘ ಕಟ್ಟಿಕೊಳ್ಳಲು ಅನುಮತಿ ದೊರೆಯಿತು. ಪದಾರ್ಥವಿಚಾರ ಪಂಡಿತರ ವಿನೋದ ಮಾತ್ರವೆಂದು ಭಾವಿಸುವವರು ಈ ಪ್ರಸಂಗವನ್ನು ನೆನೆಯಬೇಕು.

೫

ಜೋಡಣೆ ಮಾಡಿದ ದೇಶಕ್ಕೆ ವಸ್ತುವಿನ ಬೆಲೆಯಲ್ಲಿ ಎಷ್ಟು ಪಾಲು ಉಳಿಯುವುದೆಂಬುದಕ್ಕೆ ಪಿನಾಂಗಿನ ಹೊರಗಿನದಾದರೂ ಸ್ಪಷ್ಟವಾದ ಒಂದು ಲೆಕ್ಕವುಂಟು. ೨೦೦೯ರ ಐಫೋನ್ ಎಂಬ ದೂರವಾಣಿಯ ತಯಾರಿಕೆಯ ವೆಚ್ಚವನ್ನು ಯುಚಿಂಗ್ ಷಿಂಗ್, ನೀಲ್ ಡೆಟರ್ಟ್ ಎಂಬ ಅರ್ಥಶಾಸ್ತ್ರಜ್ಞರು ೨೦೧೦ರಲ್ಲಿ ಬಿಡಿಸಿ ತೋರಿಸಿದರು. ಆ ದೂರವಾಣಿ ಚೀನದಿಂದ ಹೊರಡುವಾಗ ಅದರ ತಯಾರಿಕೆಯ ಬೆಲೆ ೧೭೮.೯೬ ಡಾಲರು. ರಫ್ತಿನ ಪುಸ್ತಕದಲ್ಲಿ ಅಷ್ಟೂ ಚೀನದ ಹೆಸರಿಗೆ ಬರೆಯಲ್ಪಡುತ್ತಿತ್ತು. ಆದರೆ ಅದರೊಳಗಿನ ಬಿಡಿಭಾಗಗಳು ಜಪಾನು, ಜರ್ಮನಿ, ಕೊರಿಯ, ಅಮೆರಿಕ ಮೊದಲಾದ ದೇಶಗಳವು. ಚೀನದಲ್ಲಿ ನಡೆದ ಜೋಡಣೆಯ ಪಾಲು ೬.೫೦ ಡಾಲರು ಮಾತ್ರ, ಎಂದರೆ ನೂರಕ್ಕೆ ನಾಲ್ಕಕ್ಕೂ ಕಡಿಮೆ.

ತೈವಾನಿನ ಏಸರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಸ್ಟಾನ್ ಷಿ ಅವರು ೧೯೯೨ರಲ್ಲಿಯೇ ಈ ತತ್ತ್ವವನ್ನು ಒಂದು ಗೆರೆಯಿಂದ ವಿವರಿಸಿದ್ದರು. ವಸ್ತುವಿನ ಕಲ್ಪನೆಯಿಂದ ಮಾರಾಟದವರೆಗಿನ ಘಟ್ಟಗಳನ್ನು ಎಡದಿಂದ ಬಲಕ್ಕೆ ಬರೆದು, ಒಂದೊಂದರಲ್ಲಿ ಹುಟ್ಟುವ ಲಾಭವನ್ನು ಮೇಲಕ್ಕೆ ಗುರುತಿಸಿದರೆ, ಎಡತುದಿಯ ಸಂಶೋಧನೆಯೂ ಬಲತುದಿಯ ಹೆಸರು-ಮಾರಾಟಗಳೂ ಎತ್ತರದಲ್ಲಿರುವುವು. ನಡುವಣ ಜೋಡಣೆ ತಗ್ಗಿನಲ್ಲಿರುವುದು. ಗೆರೆಯ ಆಕಾರ ನಗುವ ತುಟಿಯಂತಾಗುವುದರಿಂದ ಅದಕ್ಕೆ ನಗುವಿನ ರೇಖೆಯೆಂದು ಹೆಸರಾಯಿತು. ಕನ್ನಡದಲ್ಲಿ 'ಮಂದಹಾಸರೇಖೆ' ಎನ್ನಬಹುದು. ತಗ್ಗಿನಲ್ಲಿ ಕುಳಿತವನಿಗೆ ಇದು ನಗುವಿನ ಸಂಗತಿಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಜೋಡಣೆ ನಿಷ್ಪ್ರಯೋಜಕವೇ? ಹಾಗೆ ಹೇಳುವುದು ದುಡುಕು. ಕೆಲಸವಿಲ್ಲದ ಊರಿಗೆ ಅದು ಕೆಲಸ ಕೊಟ್ಟಿತು. ಸಂಬಳದಿಂದ ಮನೆಗಳೂ ಮಕ್ಕಳ ಶಾಲೆಗಳೂ ನಡೆದವು. ಅದಕ್ಕಿಂತ ಮುಖ್ಯವಾಗಿ, ಶಿಸ್ತು, ಅಳತೆಯ ನಿಖರತೆ, ತಪ್ಪನ್ನು ಹುಡುಕುವ ಪದ್ಧತಿ ಇವನ್ನು ಕಲಿಸಿತು. ಮೆಟ್ಟಿಲಿನ ಮೊದಲ ಹಂತ ತಗ್ಗಿನಲ್ಲಿಯೇ ಇರುತ್ತದೆ. ಮೇಲಿನ ಹಂತಕ್ಕೆ ಕಾಲಿಡುವ ಏರ್ಪಾಡುಂಟೇ ಇಲ್ಲವೇ ಎಂಬುದೇ ಪ್ರಶ್ನೆ.

೬

ಈ ಪ್ರಶ್ನೆಗೆ ತೈವಾನು ಕೊಟ್ಟ ಉತ್ತರವನ್ನು ಪಿನಾಂಗಿನ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಆರಂಭ ಒಂದೇ ಬಗೆಯದು: ೧೯೬೬ರಲ್ಲಿ ಕಾವೋಷುಂಗ್ ರೇವಿನಲ್ಲಿ ರಫ್ತಿನ ವಲಯ, ಹೊರಗಿನ ಸಂಸ್ಥೆಗಳು, ಸಾಲಿನಲ್ಲಿ ಕುಳಿತ ಹೆಂಗಸರು. ಆದರೆ ೧೯೭೩ರಲ್ಲಿ ಸರ್ಕಾರ ಕೈಗಾರಿಕಾ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಕಟ್ಟಿತು. ೧೯೭೬ರಲ್ಲಿ ಅಮೆರಿಕದ ಆರ್.ಸಿ.ಎ. ಸಂಸ್ಥೆಯೊಡನೆ ಒಪ್ಪಂದಮಾಡಿಕೊಂಡು, ಹಣ ಕೊಟ್ಟು ಚಿಪ್ಪಿನ ತಯಾರಿಕೆಯ ವಿದ್ಯೆಯನ್ನೇ ಕೊಂಡುಕೊಂಡಿತು. ತನ್ನ ಎಳೆಯ ಎಂಜಿನಿಯರುಗಳನ್ನು ಅಲ್ಲಿಗೆ ಕಳುಹಿಸಿತು. ಮರಳಿ ಬಂದವರು ಮೊದಲು ಪ್ರಯೋಗಕ್ಕಾಗಿ ಸಣ್ಣ ಕಾರ್ಖಾನೆಯನ್ನು ನಡೆಸಿದರು. ಆ ಸಂಶೋಧನಾಲಯದಿಂದಲೇ ೧೯೮೦ರಲ್ಲಿ ಯು.ಎಂ.ಸಿ. ಸಂಸ್ಥೆ ಹೊರಬಂದಿತು, ಅದೇ ವರ್ಷ ಷಿಂಚು ಎಂಬಲ್ಲಿ ವಿಜ್ಞಾನೋದ್ಯಾನ ತೆರೆಯಲ್ಪಟ್ಟಿತು. ೧೯೮೭ರಲ್ಲಿ ಮಾರಿಸ್ ಚಾಂಗ್ ಅವರ ನೇತೃತ್ವದಲ್ಲಿ, ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಪಾಲುಗಾರಿಕೆಯೊಡನೆ, ಟಿ.ಎಸ್.ಎಂ.ಸಿ. ಸ್ಥಾಪಿತವಾಯಿತು. ತನ್ನದೆಂಬ ಚಿಪ್ಪನ್ನು ಮಾರದೆ, ಇತರರ ನಕ್ಷೆಗಳನ್ನು ಮಾತ್ರ ಸಿಲಿಕಾನಿನ ಮೇಲೆ ಮೂಡಿಸಿಕೊಡುವುದು ಅದರ ವ್ರತ. ಇಂದು ಅತಿ ಸೂಕ್ಷ್ಮವಾದ ಚಿಪ್ಪುಗಳಲ್ಲಿ ಬಹುಪಾಲನ್ನು ಅದೇ ತಯಾರಿಸುತ್ತಿದೆ.

ಪಿನಾಂಗ್ ಹೀಗೆ ಏಕೆ ಏರಲಿಲ್ಲ? ಕಾರಣಗಳು ಮೂರು ತೋರುತ್ತವೆ. ಒಂದನೆಯದಾಗಿ, ಪಿನಾಂಗ್ ಒಂದು ಸಂಯುಕ್ತರಾಜ್ಯದ ಅಂಗ. ಅದರ ಮುಖ್ಯಮಂತ್ರಿ ನೆಲವನ್ನೂ ರಸ್ತೆಯನ್ನೂ ಕೊಡಬಲ್ಲರೇ ಹೊರತು ವಿಶ್ವವಿದ್ಯಾನಿಲಯಗಳ ನೀತಿ, ತೆರಿಗೆ, ಸಂಶೋಧನೆಯ ಹಣ ಇವು ಕೇಂದ್ರದ ಕೈಯಲ್ಲಿದ್ದವು. ಎರಡನೆಯದಾಗಿ, ಬಂದ ಕಾರ್ಖಾನೆಗಳು ಹೊರಗಿನ ಸಂಸ್ಥೆಗಳ ಪೂರ್ಣ ಸ್ವತ್ತಾಗಿದ್ದವು; ಕಲಿತ ವಿದ್ಯೆ ಕಾರ್ಖಾನೆಯ ಗೋಡೆಯೊಳಗೇ ಉಳಿಯುತ್ತಿತ್ತು. ಮೈಮಾಸ್ ಎಂಬ ರಾಷ್ಟ್ರೀಯ ಸಂಶೋಧನಾಸಂಸ್ಥೆ ಮಲೇಷ್ಯದಲ್ಲಿ ಹುಟ್ಟಿದುದು ೧೯೮೫ರಲ್ಲಿ, ತೈವಾನಿನದಕ್ಕಿಂತ ಹನ್ನೆರಡು ವರ್ಷ ತಡವಾಗಿ. ಮೂರನೆಯದಾಗಿ, ಒಳ್ಳೆಯ ಎಂಜಿನಿಯರುಗಳಲ್ಲಿ ಅನೇಕರು ಹೆಚ್ಚು ಸಂಬಳಕ್ಕಾಗಿ ಸಿಂಗಪುರಕ್ಕೂ ಇನ್ನೂ ದೂರಕ್ಕೂ ಹೊರಟುಹೋದರು.

ಆದರೂ ದ್ವೀಪ ಕೈಕಟ್ಟಿ ಕುಳಿತಿರಲಿಲ್ಲ. ೧೯೮೫-೮೬ರ ಹಿಂಜರಿತದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡಾಗ, ಕೈಗಳ ಸಂಖ್ಯೆಯನ್ನು ಮಾತ್ರ ನಂಬಿದ ಕೈಗಾರಿಕೆ ನಿಲ್ಲದೆಂಬುದು ಅರಿವಾಯಿತು. ೧೯೮೯ರಲ್ಲಿ ರಾಜ್ಯಸರ್ಕಾರ, ಕಾರ್ಖಾನೆಗಳು, ವಿದ್ಯಾಸಂಸ್ಥೆಗಳು ಕೂಡಿ ಪಿನಾಂಗ್ ಕುಶಲತಾ ಕೇಂದ್ರವನ್ನು ಸ್ಥಾಪಿಸಿದವು. ಮಾರುಕಟ್ಟೆಯಲ್ಲಿ ಒಂದಕ್ಕೊಂದು ಎದುರಾಳಿಗಳಾದ ಸಂಸ್ಥೆಗಳು ತಮ್ಮ ಯಂತ್ರಗಳನ್ನೂ ಬೋಧಕರನ್ನೂ ಒಂದೇ ಶಾಲೆಗೆ ಒದಗಿಸಿದುದು ಇದರ ವೈಶಿಷ್ಟ್ಯ. ಕೈಯ ಕೆಲಸವನ್ನು ಯಂತ್ರಗಳು ಹಿಡಿದಾಗ, ಆ ಯಂತ್ರಗಳನ್ನು ನಡೆಸುವವರೂ ದುರಸ್ತುಮಾಡುವವರೂ ಬೇಕಾದರು. ೧೯೯೦ರ ದಶಕದಲ್ಲಿ ಇಂಟೆಲ್ ಸಂಸ್ಥೆ ನಕ್ಷೆಯ ಕೆಲಸದಲ್ಲಿಯೂ ಒಂದು ಭಾಗವನ್ನು ಪಿನಾಂಗಿಗೆ ಕೊಟ್ಟಿತು. ದೊಡ್ಡ ಸಂಸ್ಥೆಗಳಲ್ಲಿ ಪಳಗಿ ಹೊರಬಂದ ಸ್ಥಳೀಯರು ತಮ್ಮವೇ ಆದ ಉದ್ಯಮಗಳನ್ನು ಹೂಡಿದರು: ೧೯೯೧ರಲ್ಲಿ ಗ್ಲೋಬೆಟ್ರಾನಿಕ್ಸ್, ೨೦೦೦ದಲ್ಲಿ ವಿಟ್ರಾಕ್ಸ್. ಇವುಗಳಲ್ಲಿ ಎರಡನೆಯದು ಚಿಪ್ಪುಗಳ ದೋಷವನ್ನು ಕಂಡುಹಿಡಿಯುವ ಯಂತ್ರಗಣ್ಣುಗಳನ್ನು ತಾನೇ ರಚಿಸಿ ಹೊರದೇಶಗಳಿಗೆ ಮಾರುತ್ತದೆ. ಹಿಂದೆ ಸೂಕ್ಷ್ಮದರ್ಶಕದ ಮುಂದೆ ಕುಳಿತ ಹುಡುಗಿಯ ಕಣ್ಣು ಮಾಡುತ್ತಿದ್ದ ಕೆಲಸವನ್ನು ಮಾಡುವ ಯಂತ್ರವನ್ನು ಅದೇ ದ್ವೀಪದವರು ಕಲ್ಪಿಸಿದರೆಂಬುದು ಸಣ್ಣ ಮಾತಲ್ಲ.

ಪ್ರಪಂಚದ ಅರೆವಾಹಕಗಳ ಜೋಡಣೆ ಮತ್ತು ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು ೧೩ ಪಾಲು ಮಲೇಷ್ಯದಲ್ಲಿ ನಡೆಯುವುದೆಂದು ಲೆಕ್ಕ. ೨೦೨೧ರಲ್ಲಿ ಇಂಟೆಲ್ ಸಂಸ್ಥೆ ಆ ದೇಶದಲ್ಲಿ ೩೦೦೦ ಕೋಟಿ ರಿಂಗಿಟ್ ಬಂಡವಾಳ ಹೂಡುವೆನೆಂದು ಪ್ರಕಟಿಸಿತು. ೨೦೨೪ರಲ್ಲಿ ಸರ್ಕಾರ ಅರೆವಾಹಕಗಳಿಗಾಗಿಯೇ ರಾಷ್ಟ್ರೀಯ ಕಾರ್ಯನೀತಿಯನ್ನು ಹೊರಡಿಸಿತು. ೨೦೨೫ರ ಮಾರ್ಚಿಯಲ್ಲಿ ಬ್ರಿಟನ್ನಿನ ಆರ್ಮ್ ಸಂಸ್ಥೆಗೆ ಹತ್ತು ವರ್ಷಗಳಲ್ಲಿ ೨೫ ಕೋಟಿ ಡಾಲರು ಕೊಟ್ಟು ಚಿಪ್ಪಿನ ನಕ್ಷೆಗಳನ್ನೂ ಅವನ್ನು ರಚಿಸುವ ಶಿಕ್ಷಣವನ್ನೂ ಪಡೆಯಲು ಒಪ್ಪಂದಮಾಡಿಕೊಂಡಿತು. ತೈವಾನು ೧೯೭೬ರಲ್ಲಿ ಮಾಡಿದುದಕ್ಕೆ ಸಮಾನವಾದ ಹೆಜ್ಜೆಯಿದು. ನಡುವೆ ನಲವತ್ತೊಂಬತ್ತು ವರ್ಷಗಳು ಸಂದಿವೆ. ಐದು ದಶಕಗಳ ಜೋಡಣೆಯಿಂದ ತಾನಾಗಿ ಬಾರದ ವಿದ್ಯೆಯನ್ನು ಕೊನೆಗೆ ಬೆಲೆಕೊಟ್ಟೇ ತರಬೇಕಾಯಿತು.

೭

ಈ ಚರಿತ್ರೆಯ ಬೆಳಕಿನಲ್ಲಿ ಕರ್ಣಾಟಕದ ಸ್ಥಿತಿಯನ್ನು ಒಮ್ಮೆ ನೋಡಬಹುದು. ನಮ್ಮ ದಾರಿ ಪಿನಾಂಗಿನ ದಾರಿಗೆ ವಿಪರೀತವಾಗಿದೆ. ೧೯೪೮ರಲ್ಲಿ ಬೆಂಗಳೂರಿನಲ್ಲಿ ದೂರವಾಣಿಯ ಕಾರ್ಖಾನೆಯೂ, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಸ್ಥಾಪಿತವಾದವು. ಅವು ಸರ್ಕಾರದ ಸ್ವತ್ತು. ದೇಶದ ಅವಶ್ಯಕತೆಗಾಗಿ ನಡೆದುವೇ ಹೊರತು ಹೊರಗಿನ ಜಾಲಕ್ಕೆ ಸೇರಿದವಲ್ಲ. ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ನಕ್ಷೆಯ ಕೆಲಸವನ್ನು ಆರಂಭಿಸಿತು. ಅದರ ಹಿಂದೆಯೇ ಇತರ ಸಂಸ್ಥೆಗಳೂ ಬಂದವು. ಹೀಗೆ ಮಂದಹಾಸರೇಖೆಯ ಎಡತುದಿಯ ಕೆಲಸ ನಮ್ಮಲ್ಲಿ ಮೊದಲೇ ನೆಲಸಿತು. ಜೋಡಣೆಯಾದರೋ ತಡವಾಗಿ ಬಂದಿತು. ೨೦೧೭ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ತೈವಾನಿನ ವಿಸ್ಟ್ರಾನ್ ಸಂಸ್ಥೆ ಐಫೋನಿನ ಜೋಡಣೆಯನ್ನು ತೊಡಗಿತು. ಆಮೇಲೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯನ್ನು ತೆರೆಯಿತು. ೨೦೨೦ರ ಡಿಸೆಂಬರಿನಲ್ಲಿ ಸಂಬಳ ಸರಿಯಾಗಿ ದೊರೆಯಲಿಲ್ಲವೆಂದು ಅಲ್ಲಿನ ಕೆಲಸಗಾರರು ದೊಂಬಿಯೆದ್ದರು. ಕೆಲವರಿಗೆ ಸಂಬಳ ಸರಿಯಾಗಿ ಸಂದಿಲ್ಲವೆಂದು ಸಂಸ್ಥೆಯೂ ಒಪ್ಪಿ ಕ್ಷಮೆ ಕೇಳಿತು. ೨೦೨೩ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಸೇರಿತು. ದೇವನಹಳ್ಳಿಯ ಬಳಿ ತೈವಾನಿನ ಫಾಕ್ಸ್‌ಕಾನ್ ಸಂಸ್ಥೆಯೂ ಕಾರ್ಖಾನೆಯನ್ನು ಕಟ್ಟಿದೆ.

ಬೆಂಗಳೂರಿನಲ್ಲಿ ಚಿಪ್ಪಿನ ನಕ್ಷೆ ಬರೆಯುವವರಿಗೂ ನರಸಾಪುರದಲ್ಲಿ ದೂರವಾಣಿ ಜೋಡಿಸುವವರಿಗೂ ನಡುವೆ ಇರುವ ದಾರಿ ಎರಡು ಗಂಟೆಯ ಪ್ರಯಾಣಕ್ಕೆ ಮೀರದು. ಆದರೆ ಒಂದು ಕಡೆಯ ವಿದ್ಯೆ ಇನ್ನೊಂದು ಕಡೆಗೆ ಇಳಿಯುವ ಸೋಪಾನ ಸಿದ್ಧವಾಗಿಲ್ಲ. ಅದಕ್ಕೆ ಭಾಷೆಯೂ ಒಂದು ಕಾರಣ. ನಕ್ಷೆಯ ವಿದ್ಯೆಯೆಲ್ಲ ಇಂಗ್ಲಿಷಿನಲ್ಲಿದೆ. ಜೋಡಿಸುವವರಲ್ಲಿ ಬಹುಮಂದಿ ಓದಿರುವುದು ಕನ್ನಡದಲ್ಲಿ, ನೆರೆಯ ಭಾಷೆಗಳಲ್ಲಿ. ಲೈನು, ಶಿಫ್ಟು, ಟೆಸ್ಟಿಂಗು ಎಂಬ ಮಾತುಗಳು ಅವರಿಗೆ ಬಂದಿವೆ. ತಾವು ಕೂರಿಸುವ ತುಣುಕು ಒಳಗೆ ಏನು ಮಾಡುತ್ತದೆ, ಅದು ಏಕೆ ಕೆಡುತ್ತದೆ ಎಂಬುದನ್ನು ಹೇಳುವ ಕನ್ನಡ ಪುಸ್ತಕ ಅವರ ಕೈಗೆ ಬರುವುದು ಅಪೂರ್ವ.

ಇಲ್ಲಿ ನಮ್ಮಂಥವರಿಗೂ ಒಂದು ಕರ್ತವ್ಯವುಂಟೆಂದು ತೋರುತ್ತದೆ. ಪರಿಭಾಷೆಯ ಪಟ್ಟಿಗಳನ್ನು ಮೇಜಿನ ಮುಂದೆ ಕುಳಿತು ಸಂಸ್ಕೃತಧಾತುಗಳಿಂದ ಕಟ್ಟುವುದು ಸುಲಭ; ಅವುಗಳಲ್ಲಿ ಎಷ್ಟು ನಿಂತುವೆಂಬುದು ನಮಗೆಲ್ಲ ಗೊತ್ತಿದೆ. ಕಾರ್ಖಾನೆಯ ಜನರು ಆಗಲೇ ಬಳಸುತ್ತಿರುವ ಮಾತುಗಳನ್ನು, ಅವು ಇಂಗ್ಲಿಷಿನವಾಗಲಿ, ದೇಶ್ಯವಾಗಲಿ, ಮೊದಲು ಸಂಗ್ರಹಿಸಬೇಕು. ಆ ಮಾತುಗಳಲ್ಲಿಯೇ ಚಿಪ್ಪಿನ ಮೂರು ಘಟ್ಟಗಳನ್ನೂ ದೋಷಪರೀಕ್ಷೆಯ ಕ್ರಮವನ್ನೂ ವಿವರಿಸುವ ಸಣ್ಣ ಪುಸ್ತಕಗಳು ಹೊರಬರಬೇಕು. ಈ ಸಂಗ್ರಹಕಾರ್ಯವನ್ನು ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮೂಲಕ ಮಾಡಿಸಬಹುದು. ಆ ವಿದ್ಯಾರ್ಥಿಗಳ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಅದೇ ಕಾರ್ಖಾನೆಗಳಲ್ಲಿ ದುಡಿಯುತ್ತಿರುವುದರಿಂದ ಅವರಿಗಿಂತ ಯೋಗ್ಯರಾದ ಸಂಗ್ರಾಹಕರು ಬೇರೆ ದೊರೆಯಲಾರರು. ಪಿನಾಂಗಿನ ಕುಶಲತಾ ಕೇಂದ್ರ ಹುಟ್ಟಿದುದು ಮೊದಲ ಕಾರ್ಖಾನೆಗಳು ಬಂದ ಹದಿನೇಳು ವರ್ಷಗಳ ಮೇಲೆ. ನಮ್ಮಲ್ಲಿ ಕಾರ್ಖಾನೆಗಳು ಬಂದು ಇನ್ನೂ ಅಷ್ಟು ಕಾಲವಾಗಿಲ್ಲ.